ಕ್ರಿಸ್ಟೀನ್ ಮಿಲ್ಲರ್ ಕೇಳಿದ ಪ್ರಶ್ನೆ

ಒಂದು ಟೇಪ್ ಇದೆ, ಸುಮಾರು 44 ನಿಮಿಷದ್ದು. 1978ರ ನವೆಂಬರ್ 18ರ ಸಂಜೆ, ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿನ ನಡುವೆ ರೆಕಾರ್ಡ್ ಆದದ್ದು. ಜಿಮ್ ಜೋನ್ಸ್ ಎಂಬ ಪಾದ್ರಿ ತನ್ನ ಜನರನ್ನು ಕೂರಿಸಿಕೊಂಡು, ಎಲ್ಲರೂ ಒಟ್ಟಿಗೆ ಸಾಯೋಣ ಅನ್ನುತ್ತಿದ್ದಾನೆ. ನಾಲಿಗೆ ತೊದಲುತ್ತಿದೆ. ಅಷ್ಟರಲ್ಲಿ ಒಬ್ಬ ಹೆಂಗಸು ಎದ್ದು ಮೈಕಿನ ಮುಂದೆ ಬರುತ್ತಾರೆ. ರಷ್ಯಾಕ್ಕೆ ಹೋಗೋಣ ಅಂದಿದ್ದಿರಲ್ಲ, ಅದಕ್ಕೆ ಈಗ ತಡವಾಯಿತೇ? ಈ ಎಳೆ ಮಕ್ಕಳು ಬದುಕಬೇಡವೇ? ಅವರ ಹೆಸರು ಕ್ರಿಸ್ಟೀನ್ ಮಿಲ್ಲರ್.

ಅವರಿಗೆ ಜೋನ್ಸ್ ಉತ್ತರ ಕೊಡುತ್ತಾ ಹೋಗುತ್ತಾನೆ. ಗದರುವುದೂ ಇಲ್ಲ. ಕೂಗಾಡಿ ಅವರ ಬಾಯಿ ಮುಚ್ಚಿಸಿದವರು ಸುತ್ತ ಕೂತಿದ್ದ ಜನ. ಇವತ್ತು ನೀನು ಇಲ್ಲಿ ನಿಂತಿದ್ದೀಯ ಅಂದರೆ ಅದು ಜೋನ್ಸ್‌ನಿಂದಲೇ ಅಂತ ಒಬ್ಬ ಆಕ್ಷೇಪಿಸುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಆ ದಿನ ಜೋನ್ಸ್‌ಟೌನ್‌ನಲ್ಲಿ, ಅಂದರೆ ಅವನ ಜನ ಆ ಕಾಡಿನಲ್ಲಿ ಕಟ್ಟಿಕೊಂಡಿದ್ದ ಊರಿನಲ್ಲಿ, 909 ಜನ ಸತ್ತರು. ಅವರಲ್ಲಿ ಸುಮಾರು 300 ಮಕ್ಕಳು.

ಇಂಥ ಕತೆ ಕೇಳಿದಾಗ ನಾವು ಥಟ್ಟನೆ ಹೇಳುವುದು ಎರಡು ಮಾತು. ಒಂದು, ಅವನ ಕಣ್ಣಲ್ಲೇ ಏನೋ ಮೋಡಿ ಇತ್ತು. ಇನ್ನೊಂದು, ಅವರೆಲ್ಲ ಕುರಿಗಳು. ಎರಡೂ ಸೋಮಾರಿ ಉತ್ತರಗಳು ಅನ್ನಿಸುತ್ತದೆ ನನಗೆ. ಈ ಜನ ಸಾಯಲಿಕ್ಕೆ ಅಂತ ಸೇರಿದವರಲ್ಲ. ಒಳ್ಳೆಯ ಕೆಲಸಕ್ಕೆ ಅಂತ ಸೇರಿದವರು.

1950ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕಪ್ಪು ಜನ ಮತ್ತು ಬಿಳಿಯರು ಒಂದೇ ಚರ್ಚಿನಲ್ಲಿ ಅಕ್ಕಪಕ್ಕ ಕೂರುವುದೇ ಅಪರೂಪ. ಜೋನ್ಸ್‌ನ ಚರ್ಚಿನಲ್ಲಿ ಕೂರುತ್ತಿದ್ದರು. ಅವನೇ ಒಂದು ಕಪ್ಪು ಮಗುವನ್ನು ದತ್ತು ತೆಗೆದುಕೊಂಡಿದ್ದ. ಅವನ 'ಪೀಪಲ್ಸ್ ಟೆಂಪಲ್' ಹಸಿದವರಿಗೆ ಊಟ ಹಾಕುತ್ತಿತ್ತು, ಮುದುಕರನ್ನು ನೋಡಿಕೊಳ್ಳುತ್ತಿತ್ತು, ಡ್ರಗ್ಸ್ ಚಟ ಬಿಡಿಸುತ್ತಿತ್ತು. ಸಮಾಜ ಮೂಲೆಗೆ ತಳ್ಳಿದ್ದ ಒಬ್ಬ ಕಪ್ಪು ಅಜ್ಜಿಗೆ ಅಲ್ಲಿ ಹೆಸರು ಹಿಡಿದು ಮಾತಾಡಿಸುವವರು ನೂರಾರು ಜನ. ಯಾರಿಗೆ ಬೇಡ ಹೇಳಿ?

ಮೊದಲು ಸಿಗುವುದು ಪ್ರೀತಿ. ಕೇಳುವುದು ಆಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ. ಸಂಬಳದ ಹತ್ತರಲ್ಲಿ ಒಂದು ಭಾಗ ಕೊಡಿ. ಕೆಲವು ವರ್ಷ ಕಳೆದ ಮೇಲೆ ಕಾಲು ಭಾಗ. ಆಮೇಲೆ ಮನೆ ಮಾರಿ ದುಡ್ಡು ತನ್ನಿ, ಎಲ್ಲರೂ ಒಟ್ಟಿಗೇ ಇರೋಣ. ಬೆರಳು ತೋರಿಸಿದರೆ ಹಸ್ತ ನುಂಗಿದ ಅನ್ನುತ್ತೇವಲ್ಲ, ಅದೇ. ಒಂದು ವ್ಯತ್ಯಾಸ ಅಂದರೆ, ಇಲ್ಲಿ ಹಸ್ತ ಕೊಡುವವರು ತಾವಾಗಿಯೇ ಮುಂದೆ ಚಾಚುತ್ತಾರೆ.

ಯಾಕೆ ಹೀಗೆ? 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಮನೋವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮನೆಮನೆಗೆ ಹೋಗಿ, 'ಎಚ್ಚರಿಕೆಯಿಂದ ಗಾಡಿ ಓಡಿಸಿ' ಎಂಬ ದೊಡ್ಡ, ವಿಕಾರವಾದ ಬೋರ್ಡನ್ನು ನಿಮ್ಮ ಅಂಗಳದಲ್ಲಿ ನೆಡಲೇ ಅಂತ ಕೇಳಿದರು. ನೂರರಲ್ಲಿ ಸುಮಾರು 17 ಮಂದಿ ಮಾತ್ರ ಒಪ್ಪಿದರು. ಇನ್ನೊಂದು ಗುಂಪಿನವರ ಹತ್ತಿರ ಎರಡು ವಾರ ಮೊದಲೇ ಹೋಗಿ, ಅದೇ ವಿಷಯದ ಪುಟ್ಟ ಚೀಟಿಯೊಂದನ್ನು ಅಂಟಿಸಿಕೊಳ್ಳಿ ಅಂದಿದ್ದರು. ಆ ಗುಂಪಿನಲ್ಲಿ ದೊಡ್ಡ ಬೋರ್ಡಿಗೆ 76 ಮಂದಿ ಹೂಂ ಅಂದರು. ಚೀಟಿ ಅಂಟಿಸಿದವರು ತಮ್ಮನ್ನು ತಾವೇ ಬೇರೆ ಥರ ನೋಡತೊಡಗಿದ್ದರು: ನಾನು ಇಂಥ ಒಳ್ಳೆ ಕೆಲಸಕ್ಕೆ ಕೈ ಜೋಡಿಸುವವನು. ತಮಾಷೆ ಅಂದರೆ, ಈ ಪ್ರಯೋಗ ಪ್ರಕಟವಾಗುವ ಒಂದು ವರ್ಷ ಮೊದಲಷ್ಟೇ ಜೋನ್ಸ್ ತನ್ನ ಜನರನ್ನು ಕಟ್ಟಿಕೊಂಡು ಅದೇ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದ. ಅವನಿಗೆ ಪ್ರಯೋಗಾಲಯ ಬೇಕಾಗಿರಲಿಲ್ಲ.

ಅವನ ಪವಾಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾನ್ಸರ್ ಗಡ್ಡೆ ಅಂತ ತೆಗೆದು ತೋರಿಸುತ್ತಿದ್ದದ್ದು ಕೋಳಿಯ ಮಾಂಸ. ಸಹಾಯಕರು ಜನರ ಮನೆಗೆ ಏನೋ ನೆಪ ಹೇಳಿ ಹೋಗಿ, ಔಷಧಿ ಡಬ್ಬಿ ನೋಡಿ ಬಂದು ಅವನಿಗೆ ಹೇಳುತ್ತಿದ್ದರು. ವೇದಿಕೆಯ ಮೇಲೆ ಅದು ದಿವ್ಯದೃಷ್ಟಿ ಆಗುತ್ತಿತ್ತು. ಸಹಾಯಕರಿಗೆ ಇದು ಸುಳ್ಳು ಅಂತ ಗೊತ್ತಿತ್ತು, ಆದರೂ ಬಿಡಲಿಲ್ಲ. ಒಳ್ಳೆಯದಕ್ಕೆ ಹೇಳುವ ಸಣ್ಣ ಸುಳ್ಳು ತಾನೇ ಅಂದುಕೊಂಡರು. ಒಮ್ಮೆ ಸುಳ್ಳಿನಲ್ಲಿ ಪಾಲುದಾರರಾದ ಮೇಲೆ ಎದ್ದು ಹೋಗುವುದು ಇನ್ನೂ ಕಷ್ಟ.

ನೀರಿಗೆ ಇಳಿದವನಿಗೆ ಚಳಿಯೇನು ಮಳೆಯೇನು. ಮನೆ ಮಾರಿದ್ದಾಗಿದೆ, ಅಣ್ಣ ತಮ್ಮಂದಿರ ಜೊತೆ ಜಗಳ ಆಡಿ ಬಂದದ್ದಾಗಿದೆ. ಈಗ ಇವನು ಮೋಸಗಾರ ಅಂತ ಒಪ್ಪಿಕೊಂಡರೆ ಕಳೆದ ಹತ್ತು ವರ್ಷಕ್ಕೆ ಏನು ಅರ್ಥ? ಅದಕ್ಕಿಂತ ಅವನನ್ನು ಇನ್ನೊಂದಿಷ್ಟು ನಂಬುವುದೇ ಸುಲಭ. 1959ರಲ್ಲಿ ಆರನ್ಸನ್ ಮತ್ತು ಮಿಲ್ಸ್ ಇದನ್ನೇ ಚಿಕ್ಕದಾಗಿ ಪರೀಕ್ಷಿಸಿದ್ದರು. ಒಂದು ಚರ್ಚಾಕೂಟಕ್ಕೆ ಸೇರುವ ಮೊದಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಪದಗಳನ್ನು ಗಟ್ಟಿಯಾಗಿ ಓದಬೇಕಿತ್ತು. ಚರ್ಚೆಯನ್ನು ಬೇಕಂತಲೇ ನೀರಸವಾಗಿ ಇಟ್ಟಿದ್ದರು. ಜಾಸ್ತಿ ಮುಜುಗರ ಪಟ್ಟವರೇ ಆ ಚರ್ಚೆ ಚೆನ್ನಾಗಿತ್ತು ಅಂದರು.

ಆದರೆ ಬರೀ ಇಷ್ಟರಿಂದ ಜನರನ್ನು ಸಾವಿನ ತನಕ ಕರೆದೊಯ್ಯಲಾಗದು. ಅದಕ್ಕೆ ಇನ್ನೊಂದು ಕೆಲಸ ಆಗಬೇಕು: ಪಕ್ಕದವನ ಮನಸ್ಸಿನಲ್ಲಿ ಏನಿದೆ ಅಂತ ಯಾರಿಗೂ ತಿಳಿಯಬಾರದು. 1977ರಲ್ಲಿ ಪತ್ರಿಕೆಯೊಂದು ತನ್ನ ಬಂಡವಾಳ ಬಯಲು ಮಾಡುವ ಹೊತ್ತಿಗೆ ಜೋನ್ಸ್ ಗಯಾನಾಕ್ಕೆ ಹೋಗಿಬಿಟ್ಟ. ನೂರಾರು ಜನ ಹಿಂದೆಯೇ ಹೋದರು. ಸುತ್ತ ದಟ್ಟ ಕಾಡು. ಪಾಸ್‌ಪೋರ್ಟ್‌ಗಳನ್ನು ಕಿತ್ತಿಟ್ಟುಕೊಂಡರು. ಪತ್ರಗಳನ್ನು ಓದಿ ನೋಡಿಯೇ ಕಳಿಸುತ್ತಿದ್ದರು. ಹೊರಗಿನ ಸುದ್ದಿ ಬರುತ್ತಿದ್ದದ್ದು ಲೌಡ್‌ಸ್ಪೀಕರಿನಲ್ಲಿ, ಅದೂ ಜೋನ್ಸ್‌ನ ಬಾಯಿಂದ. ಹಗಲಿಡೀ ದುಡಿತ, ರಾತ್ರಿ ತಡವಾಗುವವರೆಗೆ ಸಭೆ, ತಟ್ಟೆಯಲ್ಲಿ ಹೆಚ್ಚಾಗಿ ಅನ್ನ. ನಿದ್ದೆಗೆಟ್ಟ ತಲೆಗೆ ಸರಿ ತಪ್ಪು ತೂಗುವ ಶಕ್ತಿ ಎಲ್ಲಿಂದ ಬರಬೇಕು?

ಇದಕ್ಕಿಂತ ಕ್ರೂರವಾದದ್ದು ಚಾಡಿ. ಗಂಡ ಹೆಂಡತಿಯ ಮೇಲೆ, ಮಕ್ಕಳು ಅಪ್ಪ ಅಮ್ಮನ ಮೇಲೆ ದೂರು ಹೇಳಬೇಕು. ಅದೇ ನಿಷ್ಠೆ. ಹೋಗಬೇಕು ಅನ್ನಿಸಿದರೂ ಯಾರ ಹತ್ತಿರ ಹೇಳುವುದು? ಹೀಗೆ ಪ್ರತಿಯೊಬ್ಬರೂ, ಅನುಮಾನ ನನಗೊಬ್ಬನಿಗೇ, ಬಾಕಿ ಎಲ್ಲರೂ ಗಟ್ಟಿ ನಂಬಿಕೆಯವರು ಅಂದುಕೊಂಡೇ ಇರುತ್ತಾರೆ. ಮೊದಲೇ 'ಶ್ವೇತ ರಾತ್ರಿ' ಅಂತ ಹೆಸರಿಟ್ಟು ಸಾವಿನ ತಾಲೀಮು ಕೂಡ ನಡೆಸಿದ್ದರು. ವಿಷ ಅಂತ ಹೇಳಿ ಏನನ್ನೋ ಕುಡಿಸಿ, ಕೊನೆಗೆ ಇದು ಸುಮ್ನೆ ಪರೀಕ್ಷೆ ಅನ್ನುವುದು. ಆಗೆಲ್ಲ ಪಕ್ಕದವರು ಕುಡಿದದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು.

ಇಲ್ಲಿ ಸಾಲಮನ್ ಆ್ಯಶ್ ಅವರ 1950ರ ದಶಕದ ಪ್ರಯೋಗ ನೆನಪಾಗುತ್ತದೆ. ಎದುರಿಗೆ ಮೂರು ಗೆರೆ, ಯಾವುದು ಪಕ್ಕದ ಗೆರೆಯಷ್ಟು ಉದ್ದ ಅಂತ ಹೇಳಬೇಕು. ಚಿಕ್ಕ ಮಕ್ಕಳೂ ಹೇಳುವಂಥದ್ದು. ಆದರೆ ಕೋಣೆಯಲ್ಲಿದ್ದ ಬಾಕಿ ಎಲ್ಲರೂ, ಮೊದಲೇ ಮಾತಾಡಿಕೊಂಡು, ಒಂದೇ ತಪ್ಪು ಉತ್ತರ ಹೇಳಿದರೆ? ಪರೀಕ್ಷೆಗೆ ಬಂದವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಪ್ಪಾದವು. ನಾಲ್ಕು ಜನ ಏನಂತಾರೋ ಎಂಬ ನಮ್ಮ ಹಳೆಯ ಅಳುಕೇ, ಅಲ್ವಾ? ಆದರೆ ನನಗೆ ದೊಡ್ಡದಾಗಿ ಕಾಣುವುದು ಆ ಪ್ರಯೋಗದ ಇನ್ನೊಂದು ಅರ್ಧ. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ತಪ್ಪುಗಳು ಕಾಲು ಭಾಗಕ್ಕೆ ಇಳಿಯುತ್ತಿದ್ದವು.

ಕ್ರಿಸ್ಟೀನ್ ಮಿಲ್ಲರ್ ಆ ಒಬ್ಬರಾಗಿದ್ದರು. ಆದರೆ ಅಲ್ಲಿ ಪ್ರಯೋಗಾಲಯ ಇರಲಿಲ್ಲ, ಬಂದೂಕು ಹಿಡಿದ ಕಾವಲುಗಾರರು ಇದ್ದರು. ಇನ್ನೊಬ್ಬರು ಎದ್ದು ನಿಲ್ಲುವ ಮೊದಲೇ ಗದ್ದಲ ಅವರ ದನಿಯನ್ನು ನುಂಗಿತು. ಮೊದಲು ವಿಷ ಹಾಕಿದ್ದು ಮಕ್ಕಳಿಗೆ. ಮಗು ಹೋದ ಮೇಲೆ ತಾಯಿಗೆ ಉಳಿಯಲು ಏನಿದೆ? ಇದನ್ನು ಸಾಮೂಹಿಕ ಆತ್ಮಹತ್ಯೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕೆ ಒಂದು ದಿನ ಮೊದಲು ಅಮೆರಿಕದ ಸಂಸದ ಲಿಯೋ ರಯಾನ್ ಪತ್ರಕರ್ತರ ಜೊತೆ ಅಲ್ಲಿಗೆ ಬಂದಿದ್ದರು. ಹಾಡು, ಕುಣಿತ, ಚಪ್ಪಾಳೆ, ಎಲ್ಲ ಚೆನ್ನಾಗಿದೆ ಎಂಬ ತೋರಿಕೆ. ಅದರ ನಡುವೆಯೇ ಒಬ್ಬ ಒಂದು ಚೀಟಿಯನ್ನು ಪತ್ರಕರ್ತರೊಬ್ಬರ ಕೈಗೆ ದಾಟಿಸಿದ: ಇಲ್ಲಿಂದ ಹೊರಗೆ ಹೋಗಲು ಸಹಾಯ ಮಾಡಿ. ಮಾರನೇ ದಿನ ಒಬ್ಬರ ಹಿಂದೆ ಒಬ್ಬರು, ನಾವೂ ಬರುತ್ತೇವೆ ಅನ್ನತೊಡಗಿದರು. ಸುಮಾರು 15 ಮಂದಿ ರಯಾನ್ ಜೊತೆ ಹೊರಟೇಬಿಟ್ಟರು. ವಿಮಾನ ಹತ್ತುವ ಜಾಗದಲ್ಲಿ ಜೋನ್ಸ್‌ನ ಜನ ಗುಂಡು ಹಾರಿಸಿ ರಯಾನ್ ಸೇರಿ ಐವರನ್ನು ಕೊಂದರು.

ಅದೇ ದಿನ ಬೆಳಿಗ್ಗೆ, ಇವರು ಹೊರಡುವ ಮೊದಲೇ, 11 ಜನ ಪಿಕ್ನಿಕ್‌ಗೆ ಹೋಗುತ್ತೇವೆ ಅಂತ ಹೇಳಿ ಕಾಡಿಗೆ ನುಗ್ಗಿದ್ದರು. ಗುಟ್ಟಾಗಿ ಮೊದಲೇ ಮಾತಾಡಿಕೊಂಡಿದ್ದವರು ಅವರು. ಅವರಲ್ಲಿ ಒಬ್ಬಳು ತಾಯಿ ತನ್ನ ಪುಟ್ಟ ಮಗನನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಹಗಲೆಲ್ಲ ನಡೆದು ಅವರು ದೂರದ ಒಂದು ಊರು ಸೇರಿದರು.