ಮನೆಯಲ್ಲಿ ತೆರೆಯುವ ಸೈಟ್ ಹೊರಗೆ ಯಾಕೆ ತೆರೆಯಲ್ಲ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನಲ್ಲಿ ವೆಬ್ ಸರ್ವರ್ ಹಾಕಿದ್ದೇನೆ. ರೌಟರ್‌ನಲ್ಲಿ 80 ಮತ್ತು 443 ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಹೊರಗಿಂದ ಬರುವ ವೆಬ್ ಸಂಪರ್ಕವನ್ನು ಲ್ಯಾಪ್‌ಟಾಪ್‌ಗೆ ಕಳಿಸುವಂತೆ ಹೇಳಿದ್ದೇನೆ. ಮನೆಯ ವೈಫೈನಲ್ಲಿ ಸೈಟ್ ಬರುತ್ತದೆ, ಹೊರಗಿನವರಿಗೆ ಬರುವುದಿಲ್ಲ. ಏನು ತಪ್ಪು ಮಾಡಿದ್ದೇನೆ?

ನೀವು ತಪ್ಪೇ ಮಾಡಿಲ್ಲದಿರಬಹುದು. ಸುಮ್ನೆ ಸೆಟ್ಟಿಂಗ್ ಬದಲಾಯಿಸುತ್ತಾ ಕೂರುವ ಮೊದಲು ರೌಟರ್‌ನ ಸ್ಟೇಟಸ್ ಪುಟ ತೆರೆಯಿರಿ. ಅಲ್ಲಿ 'ವ್ಯಾನ್ ಐಪಿ' ಅಂತ ಒಂದು ಸಾಲು ಇರುತ್ತದೆ, ಅದು ರೌಟರ್‌ನ ಹೊರಬದಿಯ ವಿಳಾಸ. ಆಮೇಲೆ ಐಪಿ ತೋರಿಸುವ ಯಾವುದಾದರೂ ಸೈಟ್‌ಗೆ ಹೋಗಿ, ಅಲ್ಲಿ ಕಾಣುವ ಐಪಿವಿ4 ವಿಳಾಸ (ಚುಕ್ಕೆ ಇಟ್ಟ ನಾಲ್ಕು ಸಂಖ್ಯೆಗಳದ್ದು) ನೋಡಿ. ಎರಡೂ ಒಂದೇನಾ? ಬೇರೆ ಬೇರೆ ಇದ್ದು, ರೌಟರ್‌ನದ್ದು 100.64ರಿಂದ 100.127ರ ಒಳಗೆ ಬಂದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ. 192.168 ಅಂತಿದ್ದರೆ ನಿಮ್ಮ ಮೋಡೆಮ್ಮೇ ಇನ್ನೊಂದು ರೌಟರ್ ಆಗಿ ಕೂತಿರುವ ಸಾಧ್ಯತೆ ಜಾಸ್ತಿ.

ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಇಂಟರ್‌ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಈ ಹಂಚಿಕೆಗೆಂದೇ 2012ರಲ್ಲಿ 100.64ರ ಗುಂಪನ್ನು ತೆಗೆದಿಟ್ಟರು. ನೀವು ಹೊರಗಿನ ಸೈಟ್ ನೋಡುವಾಗ ತೊಂದರೆ ಆಗುವುದಿಲ್ಲ. ಯಾರು ಕೇಳಿದ್ದು ಅಂತ ಕಂಪನಿಯ ಯಂತ್ರ ನೆನಪಿಟ್ಟುಕೊಂಡು ಉತ್ತರವನ್ನು ನಿಮಗೇ ತಲುಪಿಸುತ್ತದೆ. ಆದರೆ ಹೊರಗಿನವರು ತಾವಾಗಿ ಬಂದರೆ ಯಾವ ಮನೆಗೆ ಕಳಿಸಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲೇ ತಡೆಯುತ್ತದೆ. ನಿಮ್ಮ ಪೋರ್ಟ್ ಫಾರ್ವರ್ಡಿಂಗ್ ತನಕ ಏನೂ ಬರುವುದೇ ಇಲ್ಲ, ಅಲ್ವಾ?

ಸಿಜಿನ್ಯಾಟ್ ಇದ್ದರೆ ಮೊದಲು ಕಂಪನಿಯವರನ್ನು ಪಬ್ಲಿಕ್ ಐಪಿ, ಅಂದರೆ ನಿಮಗೇ ಮೀಸಲಾದ ವಿಳಾಸ ಕೇಳಿ. ಕೊಟ್ಟರೆ ಅದೇ ಸರಳ. ಐಪಿವಿ6 (ಹೊಸ ಮಾದರಿಯ ವಿಳಾಸ) ಇದ್ದರೆ ಲ್ಯಾಪ್‌ಟಾಪ್‌ಗೆ ಸ್ವಂತ ವಿಳಾಸವೇ ಸಿಗುತ್ತದೆ, ರೌಟರ್‌ನ ಫೈರ್‌ವಾಲ್‌ನಲ್ಲಿ ದಾರಿ ಬಿಟ್ಟರೆ ಸಾಕು. ಆದರೆ ಐಪಿವಿ4 ಮಾತ್ರ ಇರುವವರಿಗೆ ಸೈಟ್ ಕಾಣುವುದಿಲ್ಲ.

ಉಳಿದದ್ದು ಟನಲ್, ಅಂದರೆ ಹೊರಗಿನ ಒಂದು ಸರ್ವರ್ ಮೂಲಕ ಮನೆಗೆ ದಾರಿ ಮಾಡುವುದು. ಇದರಲ್ಲಿ ಸಂಪರ್ಕ ನಿಮ್ಮ ಮನೆಯಿಂದಲೇ ಹೊರಗೆ ಹೊರಡುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಕ್ಲೌಡ್‌ಫ್ಲೇರ್ ಟನಲ್ ಬೇಗ ಹಾಕಬಹುದು. ಒಂದು ವಿಷಯ ಮಾತ್ರ ಗೊತ್ತಿರಲಿ: ಎಚ್‌ಟಿಟಿಪಿಎಸ್ ಬೀಗ (ಮಾಹಿತಿಯನ್ನು ಗುಟ್ಟಾಗಿಡುವ ಗೂಢಲಿಪಿ) ಅವರ ಸರ್ವರ್‌ನಲ್ಲಿ ತೆರೆಯುತ್ತದೆ, ನಿಮ್ಮಲ್ಲಿ ಅಲ್ಲ. ಲಾಗಿನ್, ಖಾಸಗಿ ಫೋಟೋ ಇರುವ ಸೈಟ್ ಆದರೆ ನಾನು ಸಣ್ಣ ವಿಪಿಎಸ್ (ಇಂಟರ್‌ನೆಟ್‌ನಲ್ಲಿರುವ ಬಾಡಿಗೆ ಸರ್ವರ್) ತೆಗೆದುಕೊಂಡು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಟನಲ್ ಹಾಕುತ್ತೇನೆ. ಪೋರ್ಟ್ 443ನ್ನು ಹಾಗೇ ಮನೆಗೆ ದಾಟಿಸಿದರೆ ಬೀಗದ ಕೈ ನಮ್ಮಲ್ಲೇ ಉಳಿಯುತ್ತದೆ.

ಎರಡೂ ಐಪಿ ಒಂದೇ ಇದ್ದರೆ? ಲ್ಯಾಪ್‌ಟಾಪ್‌ನ ಒಳಗಿನ ವಿಳಾಸ ಬದಲಾಗಿದೆಯಾ ನೋಡಿ, ರೌಟರ್‌ನಲ್ಲಿ ಅದನ್ನು ಕಾಯ್ದಿರಿಸಿ. ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಮಾಡಬೇಡಿ. ಫೋನ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ.