ಕನ್ನಡಕ ಬ್ಯಾಗಿನಲ್ಲಿತ್ತು

ನಮ್ಮ ಸೋದರತ್ತೆಗೆ 78 ವರ್ಷ. ಹೋದ ವರ್ಷ ನ್ಯುಮೋನಿಯಾ ಆಗಿ ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಮೂರನೇ ರಾತ್ರಿ ಎದ್ದು ಕೂತು, "ದನ ಕಟ್ಟಿಲ್ಲ, ಬಿಡ್ರೋ ನನ್ನ" ಎಂದು ಕೂಗಾಡಿದರು. ನನ್ನನ್ನು ತೀರಿಕೊಂಡ ಮಾವನ ಹೆಸರು ಹಿಡಿದು ಕರೆದರು. ಬೆಳಗಾಗುವಷ್ಟರಲ್ಲಿ ದಿಂಬಿನ ಕೆಳಗೆ ನಿಂಬೆಹಣ್ಣು, ತೋಳಿಗೆ ತಾಯತ. ಗಾಳಿ ಸೋಕಿದೆ ಅಂತ ಒಬ್ಬರು, ಅರಳುಮರಳು ಅಂತ ಇನ್ನೊಬ್ಬರು.

ಎರಡೂ ತಪ್ಪು. ಇದಕ್ಕೆ ನಮ್ಮಲ್ಲೇ ಹಳೆಯ ಹೆಸರಿದೆ: ಸನ್ನಿ. ಡಾಕ್ಟರು ಡೆಲಿರಿಯಮ್ ಅನ್ನುತ್ತಾರೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ಬೆಳೆಯುತ್ತದೆ. ಸನ್ನಿ ಒಂದೆರಡು ದಿನದಲ್ಲಿ, ಕೆಲವೊಮ್ಮೆ ಗಂಟೆಗಳಲ್ಲೇ ಏರುತ್ತದೆ. ಸೋಂಕು, ಕೆಲವು ಮಾತ್ರೆಗಳು, ನೀರು ಕುಡಿಯದಿರುವುದು, ನಿದ್ದೆಗೆಡುವುದು, ಎಲ್ಲವೂ ಸೇರಿ ವಯಸ್ಸಾದ ಮೆದುಳನ್ನು ತಬ್ಬಿಬ್ಬು ಮಾಡುತ್ತವೆ. ಜೊತೆಗೆ ಅತ್ತೆಯ ಕನ್ನಡಕ ಬ್ಯಾಗಿನಲ್ಲಿತ್ತು. ಕಿವಿಯ ಮಷೀನು ಕಳೆದುಹೋದೀತು ಅಂತ ಊರಲ್ಲೇ ಬಿಟ್ಟು ಬಂದಿದ್ದೆವು. ಮಬ್ಬು ಬೆಳಕು, ಗುರುತಿಲ್ಲದ ಮುಖ, ಅರ್ಧ ಕೇಳುವ ಮಾತು. ಉಳಿದರ್ಧವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಮುಸ್ಸಂಜೆಯಲ್ಲಿ ಹಗ್ಗ ಹಾವಾಗುತ್ತದಲ್ವಾ, ಹಾಗೆ.

ಇದನ್ನು ತಡೆಯಬಹುದು ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯೆ ಶರಾನ್ ಇನೂಯೆ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಅವರ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 70 ಮತ್ತು ಅದಕ್ಕಿಂತ ಜಾಸ್ತಿ ವಯಸ್ಸಿನ 852 ರೋಗಿಗಳು. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಸನ್ನಿ ಬಂತು. ವಿಶೇಷ ಆರೈಕೆ ಸಿಕ್ಕ ಇನ್ನೊಂದು ಗುಂಪಿನಲ್ಲಿ ನೂರಕ್ಕೆ 9.9. ಹೊಸ ಔಷಧಿ ಏನೂ ಇರಲಿಲ್ಲ. ಇವತ್ತು ಯಾವ ದಿನ ಅಂತ ಹೇಳುವುದು, ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ಕನ್ನಡಕ ಹಾಕುವುದು, ಕೇಳುವಂತೆ ಮಾಡುವುದು, ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು. ಮಲಗುವ ಹೊತ್ತಿಗೆ ಬಿಸಿ ಹಾಲು ಕೊಟ್ಟು ಬೆನ್ನು ಸವರುವುದೂ ಅದರಲ್ಲಿತ್ತು! ಆದರೆ ಸನ್ನಿ ಒಮ್ಮೆ ಬಂದ ಮೇಲೆ ಅದರ ತೀವ್ರತೆ ಇದರಿಂದ ತಗ್ಗಲಿಲ್ಲ. ಮೊದಲ ದಿನದಿಂದಲೇ ಮಾಡಬೇಕು.

ನಡೆಸುವ ವಿಷಯದಲ್ಲಿ ನಮ್ಮವರು ಜಗಳಕ್ಕೇ ಬರುತ್ತಾರೆ. "ಸುಮ್ನೆ ಮಲಗಲಿ ಬಿಡಿ." ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು 1947ರಲ್ಲೇ ಹಾಸಿಗೆಯ ಅಪಾಯಗಳ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. 2007ರ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಮಲಗಿಸಿದ್ದಕ್ಕೆ ಕಾಲಿನಲ್ಲಿ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಕಾಯಿಲೆಯವರ ಗತಿ ಯೋಚಿಸಿ.

ಈಗ ನನ್ನನ್ನು ಕಾಡುವ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಇಂಥ ಆರೈಕೆಯ ಕಾರ್ಯಕ್ರಮ ಇದೆ ಅನ್ನುವುದು ಬೇರೆ, ರೋಗಿಗೆ ಮುಟ್ಟುವುದು ಬೇರೆ. ಭದ್ರಾ ನಾಲೆಗೆ ನೀರು ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಮಲೇಬೆನ್ನೂರು ಕಡೆಯ ಕೊನೇ ಭಾಗದ ಗದ್ದೆ ನೆನೆಯುತ್ತದೆಯೇ? ಪ್ರತಿ ತೂಬಿನಲ್ಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಲೆಕ್ಕ ಹಾಕಿ. ಆರು ಕೆಲಸಗಳಲ್ಲಿ ಪ್ರತಿಯೊಂದೂ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಸಿಗುತ್ತದೆ ಅನ್ನಿ. ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಒಂದು ಕೆಲಸ ತಪ್ಪುವುದಕ್ಕೂ ಇನ್ನೊಂದು ತಪ್ಪುವುದಕ್ಕೂ ಸಂಬಂಧವಿಲ್ಲದಿದ್ದರೆ, 0.9 ಅನ್ನು ಆರು ಸಲ ಗುಣಿಸಬೇಕು. ಆರೂ ಸಿಕ್ಕವರು ನೂರಕ್ಕೆ 53 ಮಾತ್ರ! ಬೆಣ್ಣೆ ಹಾಕದೆ ಎರೆದ ದೋಸೆಯನ್ನು ಬೆಣ್ಣೆದೋಸೆ ಅಂತ ಬಡಿಸಿದರೆ ದಾವಣಗೆರೆಯವರು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಯೇಲ್‌ನವರು ಆಮೇಲೆ ಇದನ್ನೂ ಅಳೆದು ನೋಡಿದರು. ಕ್ರಮಗಳನ್ನು ಹೇಳಿದಂತೆ ಮಾಡಿದಷ್ಟೂ ಸನ್ನಿ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆಯಾಗುತ್ತಾ ಹೋಗಿತ್ತು.

ವಾರ್ಡಿನಲ್ಲಿ ಅತ್ತೆಯ ಆರೈಕೆ ಬರೆದಿಡುವ ಹಾಳೆಯಲ್ಲಿ "ನಡೆಸಲಾಗಿದೆ" ಎಂದು ದಿನಕ್ಕೆ ಮೂರು ಟಿಕ್ ಇತ್ತು. ನಾನು ಪಕ್ಕದಲ್ಲೇ ಇದ್ದೆ, ಅವರು ಮಂಚದಿಂದ ಇಳಿದೇ ಇರಲಿಲ್ಲ. ನರ್ಸಮ್ಮನನ್ನು ಬೈಯಲು ಮನಸ್ಸು ಬರಲಿಲ್ಲ. ರಾತ್ರಿ ಒಬ್ಬರೇ ಇಡೀ ವಾರ್ಡ್ ನೋಡುತ್ತಿದ್ದರು. ಯೇಲ್‌ನಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದ ಸ್ವಯಂಸೇವಕರಿದ್ದರು. ನಮ್ಮಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಕೂತ ಮನೆಯವರಿದ್ದಾರೆ. ಅವರಿಗೆ ಏನು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ, ಅಷ್ಟೇ.

ಮೊದಲ ಬಸ್ಸಿಗೆ ಊರಿಗೆ ಹೋಗಿ ಕಿವಿಯ ಮಷೀನು ತಂದೆ. ಜ್ವರ ಇಳಿದಂತೆ ಸನ್ನಿಯೂ ನಿಧಾನವಾಗಿ ಇಳಿಯಿತು. ಆರನೇ ದಿನ ನನ್ನ ಭುಜ ಹಿಡಿದು ವಾರ್ಡಿನ ಕಿಟಕಿಯವರೆಗೆ ನಡೆದರು. ಕನ್ನಡಕ ಸರಿಮಾಡಿಕೊಂಡು, "ನಾಲೆಗೆ ನೀರು ಬಂತೇನೋ?" ಎಂದು ನನ್ನದೇ ಹೆಸರು ಹಿಡಿದು ಕೇಳಿದರು.