ಪದವಿ ಒಬ್ಬರಿಗೆ, ತಿಳಿವಳಿಕೆ ಹತ್ತು ಜನರದ್ದು

ಪಿಎಚ್‌ಡಿ ಪ್ರಬಂಧದ ಮೊದಲ ಪುಟಗಳಲ್ಲಿ ‘ಇದು ನನ್ನ ಸ್ವಂತ ಕೆಲಸ’ ಎಂಬ ಘೋಷಣೆ ಇರುತ್ತದೆ. ಪುಟ ತಿರುಗಿಸಿದರೆ ಕೃತಜ್ಞತೆ. ಅಲ್ಲಿ ಉದ್ದಕ್ಕೂ ಹೆಸರುಗಳು. ಸ್ವಂತದ್ದೇ ಆದರೆ ಇಷ್ಟು ಜನ ಯಾಕೆ ಅಂತ ಯಾರೂ ಕೇಳುವುದಿಲ್ಲ. ಆದರೆ ಜನ ಗುಂಪಾಗಿ ತಿಳಿವಳಿಕೆಯನ್ನು ಹೇಗೆ ಕಟ್ಟುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಎಂಬುದರ ಮೇಲೇ ಪಿಎಚ್‌ಡಿ ಮಾಡುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ.

ಪ್ರಶ್ನೆ ಹಳೆಯದು. ಪೋಲೆಂಡಿನ ವೈದ್ಯ ಲುಡ್ವಿಕ್ ಫ್ಲೆಕ್ 1935ರಲ್ಲಿ ಒಂದು ಪುಸ್ತಕ ಬರೆದರು. ಸಿಫಿಲಿಸ್ ಪತ್ತೆಮಾಡುವ ರಕ್ತಪರೀಕ್ಷೆ ಹೇಗೆ ಹುಟ್ಟಿತು ಎಂಬುದು ಅದರ ಮುಖ್ಯ ಉದಾಹರಣೆ. ಪರೀಕ್ಷೆಗೆ ವಾಸರ್‌ಮನ್ ಎಂಬ ಒಬ್ಬರ ಹೆಸರಿದೆ. ಅದನ್ನು ಕೆಲಸಕ್ಕೆ ಬರುವಂತೆ ಪಳಗಿಸಿದ್ದು ಮಾತ್ರ ಎಷ್ಟೋ ಜನರ ಕೈ, ಎಂದರು ಫ್ಲೆಕ್. ಆಗ ಅದನ್ನು ಓದಿದವರು ಕಡಿಮೆ. 1962ರಲ್ಲಿ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ತಮ್ಮ ಪುಸ್ತಕದ ಮುನ್ನುಡಿಯಲ್ಲಿ ಫ್ಲೆಕ್ ಹೆಸರು ಹೇಳಿದರು. ಇಂಗ್ಲಿಷ್ ಅನುವಾದ ಬಂದಿದ್ದು 1979ರಲ್ಲಿ!

ಅಷ್ಟರಲ್ಲಿ ಇನ್ನೊಂದು ಸಂಗತಿ ಗೊತ್ತಾಗಿತ್ತು. ಒಂದು ಬಗೆಯ ಅನಿಲ ಲೇಸರ್ ಕಟ್ಟಲು ಹೊರಟ ಬ್ರಿಟನ್ನಿನ ಪ್ರಯೋಗಾಲಯಗಳನ್ನು ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ ಸುತ್ತಿ ಬಂದರು. ಪ್ರಕಟವಾದ ಲೇಖನಗಳನ್ನಷ್ಟೇ ಓದಿ ಅದನ್ನು ಕಟ್ಟಿದವರು ಒಬ್ಬರೂ ಸಿಗಲಿಲ್ಲ. ಗೆದ್ದವರೆಲ್ಲ ಮೊದಲೇ ಕಟ್ಟಿದವರ ಜೊತೆ ಒಡನಾಡಿದ್ದರು. ಇದನ್ನು ಕಾಲಿನ್ಸ್ ಬರೆದಿದ್ದು 1974ರಲ್ಲಿ. ಬರೆದಿಟ್ಟರೆ ಸಾಕು, ವಿದ್ಯೆ ತಾನಾಗಿ ಹರಡುತ್ತದೆ ಎಂಬ ನಂಬಿಕೆಗೆ ಅದು ಸರಿಯಾದ ಪೆಟ್ಟು.

ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ನಡುವೆ ಕೂತು ನೋಡಿದವರು ಮಾನವಶಾಸ್ತ್ರಜ್ಞೆ ಜೀನ್ ಲೇವ್. ಅಲ್ಲಿ ಹೊಸ ಹುಡುಗನಿಗೆ ಮೊದಲು ಸಿಗುವುದು ಗುಂಡಿ ಹಾಕುವ, ಅಂಚು ಹೊಲಿಯುವ ಕೆಲಸ. ಬಟ್ಟೆ ಕತ್ತರಿಸುವುದು ಕೊನೆಗೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು, ಅಲ್ವಾ? ಉಡುಪು ತಯಾರಾಗುವ ಕ್ರಮ ಒಂದು, ಕಲಿಯುವ ಕ್ರಮ ಅದರ ತಿರುವುಮುರುವು. ಈ ಪಾಠಕ್ರಮವನ್ನು ಯಾರೂ ಕೂತು ಬರೆದಿರಲಿಲ್ಲ. 1991ರಲ್ಲಿ ಲೇವ್ ಮತ್ತು ಎಟಿಯೆನ್ ವೆಂಗರ್ ಸೇರಿ ಇಂಥ ಗುಂಪುಗಳಿಗೆ ಒಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ಕಸುಬಿನ ಬಳಗ’ ಅನ್ನಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಜೂಲಿಯನ್ ಓರ್ ಅವರ ಪಿಎಚ್‌ಡಿ ಪ್ರಬಂಧ. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದು. ಓರ್ ಅವರು ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದರು. ಅಧ್ಯಯನ ಮಾಡಿದ್ದು ಕಂಪನಿಯ ನಕಲು ಯಂತ್ರಗಳ ರಿಪೇರಿಗೆ ಹೋಗುವವರನ್ನು. ಅವರ ಕೈಯಲ್ಲಿ ಕೈಪಿಡಿ ಇರುತ್ತಿತ್ತು. ಯಂತ್ರ ದೋಷ ತೋರಿಸುವ ಈ ಕೋಡ್ ಬಂದರೆ ಇದನ್ನು ನೋಡಿ, ಆಮೇಲೆ ಅದನ್ನು ಬದಲಿಸಿ, ಹೀಗೆ. ಆದರೆ ಯಂತ್ರಗಳು ಕೈಪಿಡಿ ಓದಿಕೊಂಡು ಕೆಡುವುದಿಲ್ಲವಲ್ಲ. ಒಮ್ಮೆ ಯಂತ್ರ ತೋರಿಸಿದ ಕೋಡ್ ಒಂದು, ನಿಜವಾದ ದೋಷ ಬೇರೆಲ್ಲೋ. ರಿಪೇರಿಯವನೂ ಅನುಭವಸ್ಥನೊಬ್ಬನೂ ಯಂತ್ರದ ಮುಂದೆ ನಿಂತು, ತಾವು ಕಂಡ ಹಳೆಯ ಕೇಸುಗಳ ಕಥೆಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ಹಾಗೆ ಹೇಳುತ್ತಾ ಹೇಳುತ್ತಾ ದೋಷ ಸಿಕ್ಕಿತು. ಊಟದ ಹೊತ್ತಿಗೆ ಅದೂ ಒಂದು ಕಥೆ. ಹೊರಗಿನವರಿಗೆ ಸುಮ್ನೆ ಹರಟೆಯಂತೆ ಕಾಣುವುದೇ ಅಸಲು ಕೆಲಸದ ಭಾಗ ಎಂಬುದು ಓರ್ ಕಂಡದ್ದು.

ಮುಂದೆ ಜೆರಾಕ್ಸ್ ಈ ಕಥೆಗಳನ್ನು ಕೂಡಿಡಲು ಯುರೇಕಾ ಎಂಬ ವ್ಯವಸ್ಥೆ ಮಾಡಿತು. 1990ರ ದಶಕದ ಮಧ್ಯದಲ್ಲಿ ಫ್ರಾನ್ಸ್‌ನಲ್ಲಿ ಅದರ ಪ್ರಯೋಗ ನಡೆಯಿತು. ರಿಪೇರಿಯವರು ತಮ್ಮ ಉಪಾಯ ಬರೆದು ಹಾಕಬೇಕು, ಅನುಭವಸ್ಥರು ಪರೀಕ್ಷಿಸಿ ಒಪ್ಪಬೇಕು, ಆಮೇಲೆ ಎಲ್ಲರಿಗೂ ಸಿಗಬೇಕು. ಉಪಾಯಕ್ಕೆ ದುಡ್ಡು ಕೊಡುವ ಮಾತು ಬಂದಾಗ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಪ್ರತಿ ಉಪಾಯದ ಜೊತೆ ಬರೆದವರ ಹೆಸರಿರಲಿ ಎಂದರು. ಬಳಗದೊಳಗಿನ ಮರ್ಯಾದೆಯೇ ಅವರ ಸಂಪಾದನೆ.

ಆಮೇಲೆ ಸಂಶೋಧಕರು ಅಂತರ್ಜಾಲದ ಬಳಗಗಳ ಕಡೆ ಹೊರಳಿದರು. ಗೇಬ್ರಿಯೆಲಾ ಕೋಲ್‌ಮನ್ ಅವರ ಪಿಎಚ್‌ಡಿ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ, ಬರೆಯುವವರ ಮೇಲೆ. ಜೋಸೆಫ್ ರೀಗಲ್ ಅವರದ್ದು 2001ರಲ್ಲಿ ಶುರುವಾದ ವಿಕಿಪೀಡಿಯದ ಮೇಲೆ. ಅಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದು ದಾಖಲಾಗಿರುತ್ತದೆ. ಊಟದ ಹೊತ್ತಿನ ಮಾತಿಗಾಗಿ ಹೊಂಚಿ ಕೂರಬೇಕಿಲ್ಲ.

ಒಂದು ಇಕ್ಕಟ್ಟು ಮಾತ್ರ ಉಳಿದಿದೆ. ಇಂಥ ಪ್ರಬಂಧಗಳಲ್ಲಿ ಮಾತಾಡಿದ ಜನರ ಹೆಸರು ಬದಲಿಸುವುದು ಪದ್ಧತಿ. ಅವರಿಗೆ ತೊಂದರೆಯಾಗಬಾರದು ಎಂಬುದು ಕಾರಣ, ಒಳ್ಳೆಯ ಕಾರಣವೇ. ಆದರೆ ಹೆಸರನ್ನೇ ಕೂಲಿಯಾಗಿ ಕೇಳಿದ ರಿಪೇರಿಯವರಂಥವರ ವಿಷಯದಲ್ಲಿ ಇದು ನ್ಯಾಯವೇ? ಹಾಗಾಗಿ ಈಗ ಕೆಲವು ಸಂಶೋಧಕರು ಒಪ್ಪಿಗೆ ಪತ್ರದಲ್ಲೇ ಒಂದು ಸಾಲು ಸೇರಿಸುತ್ತಾರೆ: ನಿಮ್ಮ ಹೆಸರು ಮರೆಮಾಡಲೋ, ಹಾಕಲೋ?